ಇಟ್ಟಿಗೆ ಕಲ್ಲು ಮತ್ತು ನೀರಿನ ಲೆಕ್ಕ

ಕಾರವಾರ, ಅಂಕೋಲೆಗಳ ಕಡೆ ಹಳೆಯ ಮನೆಯ ಗಾರೆ ಉದುರಿದಲ್ಲಿ ಚಿರೆಕಲ್ಲು ಕಾಣುತ್ತದೆ. ನೆಲದಿಂದ ತೆಗೆಯುವಾಗ ಕಬ್ಬಿಣದ ಹತಾರಿಗೆ ಸುಲಭವಾಗಿ ಬಗ್ಗುವ ಈ ಕೆಂಪು ಕಲ್ಲು, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿಯಾಗಿ ತಲೆಮಾರುಗಳ ಕಾಲ ಮಾಡನ್ನು ಹೊತ್ತು ನಿಲ್ಲುತ್ತದೆ. ಶಾಸ್ತ್ರಜ್ಞರು ಇದನ್ನು ಲ್ಯಾಟರೈಟ್ ಎನ್ನುತ್ತಾರೆ. ಆ ಹೆಸರಿನ ಹಿಂದೆ ನಮ್ಮ ನಾಡಿನ ಮಾತೊಂದು ಅಡಗಿದೆಯೆಂಬುದು ಹಲವರಿಗೆ ತಿಳಿಯದು.

1799ರಲ್ಲಿ ಟೀಪುವಿನ ಪತನವಾದ ಮೇಲೆ ಈಸ್ಟ್ ಇಂಡಿಯಾ ಕಂಪನಿಯು ಹೊಸದಾಗಿ ಕೈಸೇರಿದ ಸೀಮೆಯನ್ನು ನೋಡಿ ವರದಿಮಾಡಲು ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನನ್ನು ಕಳುಹಿಸಿತು. 1800ರ ಡಿಸೆಂಬರಿನಲ್ಲಿ ಅವನು ಮಲಬಾರಿನ ಅಂಗಡಿಪುರದಲ್ಲಿ ಈ ಕಲ್ಲನ್ನು ಗಮನವಿಟ್ಟು ನೋಡಿದ. ಮರುವರ್ಷ ಕರಾವಳಿ ಹಿಡಿದು ಬಡಗಣಕ್ಕೆ ಬಂದು ಗೋಕರ್ಣ, ಅಂಕೋಲೆ, ಸದಾಶಿವಗಡಗಳನ್ನು ಕಂಡು ಘಟ್ಟ ಹತ್ತಿದ. ಅವನ ಪ್ರವಾಸಕಥನ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ದೇಶಭಾಷೆಗಳಲ್ಲಿ ಇದನ್ನು ಇಟ್ಟಿಗೆ ಕಲ್ಲು ಎನ್ನುತ್ತಾರೆಂದು ಅದರಲ್ಲಿ ಹೇಳಿದ್ದಾನೆ. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಎಂದು ಹೆಸರು. ಅದರಿಂದ ಲ್ಯಾಟರೈಟ್ ಹುಟ್ಟಿತು.

ಹೆಸರು ಹುಟ್ಟಿದ ಬಗೆ ಇದು. ಕಲ್ಲು ಹುಟ್ಟಿದ ಬಗೆ ಇನ್ನೂ ಸೋಜಿಗದ್ದು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮಳೆನೀರು ಮಣ್ಣಿನೊಳಗಿನ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗಿ ಬಂಡೆಗೆ ಇಳಿಯುತ್ತದೆ. ಗ್ರಾನೈಟಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜದಿಂದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಜೊತೆಗೆ ಸಿಲಿಕದ ಒಂದಂಶ ಕರಗಿ, ಹೊಳೆ ಸೇರಿ, ಕಡಲ ಪಾಲಾಗುತ್ತವೆ. ಹಿಂದೆ ಉಳಿಯುವುದು ಬಿಳಿಯ ಜೇಡಿ. ಹಬ್ಬದ ದಿನ ನಮ್ಮ ಹೆಂಗಸರು ಚಿತ್ತಾರ ಬರೆಯುವ ಶೇಡಿ ಇದರ ಬಳಗವೇ. ಮೇಲಿನ ಪದರದಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳ ಅಂಶ ಬಲಿತು ಚಿರೆಕಲ್ಲಾಗುತ್ತದೆ. ಮೇಲೆ ಗಟ್ಟಿ ಚಿಪ್ಪು, ಅಡಿಯಲ್ಲಿ ಮೆದು ಜೇಡಿ: ನಮ್ಮ ಅನೇಕ ಗುಡ್ಡಗಳ ಒಳಗುಟ್ಟು ಇದು.

ಲಕ್ಷಾಂತರ ವರ್ಷಗಳ ಈ ಕೆಲಸವನ್ನು ಕಣ್ಣಿಂದ ಕಾಣುವಂತಿಲ್ಲ, ಲೆಕ್ಕದಿಂದ ಕಾಣಬಹುದು. 1967ರಲ್ಲಿ ಗ್ಯಾರೆಲ್ಸ್ ಮತ್ತು ಮೆಕೆಂಜಿ ಎಂಬ ಅಮೆರಿಕದ ವಿದ್ವಾಂಸರು ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಬೆಟ್ಟದ ಒರತೆಗಳನ್ನು ಆರಿಸಿಕೊಂಡರು. ಒರತೆಯ ನೀರಿನಲ್ಲಿರುವ ಲವಣಗಳಿಂದ ಹಿಮದ ನೀರಿನಲ್ಲಿರುವುದನ್ನು ಕಳೆದರು. ಉಳಿದದ್ದು ಬಂಡೆ ಕೊಟ್ಟದ್ದು. ಯಾವ ಖನಿಜ ಎಷ್ಟು ಕರಗಿ ಎಷ್ಟು ಜೇಡಿಯಾಯಿತೆಂದು ಅದರಿಂದ ಹೇಳಿದರು. ಮರುವರ್ಷವೇ ಹೆಲ್ಗೆಸನ್ ಎಂಬಾತ ಇಂಥ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸುವ ದಾರಿ ತೋರಿದ. ಒಂದು ಖನಿಜ ಕರಗುತ್ತ ಹೋದಂತೆ ಮತ್ತೊಂದು ಯಾವಾಗ ಹರಳುಗಟ್ಟುವುದೆಂಬುದನ್ನು ಯಂತ್ರ ಹೆಜ್ಜೆ ಹೆಜ್ಜೆಗೂ ತಿಳಿಸತೊಡಗಿತು. ಅಮೆರಿಕದ ಭೂವಿಜ್ಞಾನ ಇಲಾಖೆ 1980ರಲ್ಲಿ ಪ್ರಕಟಿಸಿದ ಅಂಥದೊಂದು ಗಣಕ ವಿಧಾನದ ಪರಿಷ್ಕೃತ ರೂಪ ಈಗ ಯಾರಿಗೂ ಬಿಟ್ಟಿಯಾಗಿ ದೊರೆಯುತ್ತದೆ.

ದೂರದೇಶದ ಈ ಲೆಕ್ಕ ನಮಗೇಕೆ? 2009ರ ಅಕ್ಟೋಬರಿನಲ್ಲಿ ಕಾರವಾರದ ಬಳಿಯ ಕಡವಾಡದಲ್ಲಿ ಗುಡ್ಡ ಜರಿದು ಮನೆಗಳ ಮೇಲೆ ಬಿತ್ತು; 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ, ಗಂಗಾವಳಿಯ ದಂಡೆಯಲ್ಲಿ, ಗುಡ್ಡ ಹೆದ್ದಾರಿಯನ್ನೂ ದಾಟಿ ಹೊಳೆಗೆ ನುಗ್ಗಿತು. ಬಂಡೆಯೆಂದು ನಂಬಿದ್ದ ಗುಡ್ಡ ಕೆಸರಾಗಿ ಹರಿದುದನ್ನು ಜನ ಕಣ್ಣಾರೆ ಕಂಡರು.

ಗುಡ್ಡ ಯಾವ ದಿನ ಜರಿಯುವುದೆಂದು ಈ ಲೆಕ್ಕ ಹೇಳಲಾರದು. ಅದು ಮಳೆಯ ಬಿರುಸು, ಇಳಿಜಾರಿನ ಕಡಿದು, ಮಣ್ಣಿನ ಭಾರ ಇವುಗಳಿಗೆ ಸೇರಿದ ಮಾತು. ಆದರೆ ಒಳಗೆ ಬಂಡೆಯಿದೆಯೋ ಜೇಡಿಯಿದೆಯೋ ಎಂದು ಕೇಳದೆ ಗುಡ್ಡದ ಬುಡ ಕಡಿಯಬಾರದೆಂಬ ಎಚ್ಚರವನ್ನು ಅದು ಕೊಡಬಲ್ಲುದು. ನೆಲವನ್ನು ಕೊರೆದು ನೋಡುವ ಜೊತೆಗೆ ಬುಡದ ಒರತೆಯ ನೀರನ್ನೂ ಪರೀಕ್ಷಿಸಿದರೆ ಗುಡ್ಡ ಎಷ್ಟು ಸವೆಯುತ್ತಿದೆಯೆಂಬುದಕ್ಕೆ ಸಾಕ್ಷಿ ಸಿಗುತ್ತದೆ.

ಇನ್ನೂರು ವರ್ಷಗಳ ಹಿಂದೆ ಪರದೇಶದ ವೈದ್ಯನೊಬ್ಬ ಕಲ್ಲಿನ ಹೆಸರನ್ನು ಈ ನೆಲದ ಜನರ ಬಾಯಿಂದ ಕೇಳಿ ಬರೆದುಕೊಂಡ. ಕೇಳುವ ಆ ವಿನಯ ರಸ್ತೆ ಕಡಿಯುವ ನಮಗೂ ಬರಬೇಕು.