ಸಮ್ಮೇಳನಕ್ಕೆಂದು ಫಿಜಿಗೆ ಹೊರಟವರಿಗೆ

ಫಿಜಿಯು ನೈಋತ್ಯ ಪೆಸಿಫಿಕ್ ಸಾಗರದಲ್ಲಿರುವ, ಮುನ್ನೂರಕ್ಕೂ ಹೆಚ್ಚು ದ್ವೀಪಗಳ ರಾಷ್ಟ್ರ. ಇವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗದಲ್ಲಿ ಮಾತ್ರ ಜನವಸತಿಯಿದೆ. ರಾಜಧಾನಿ ಸುವಾದಲ್ಲಿ 1968ರಲ್ಲಿ ಸ್ಥಾಪನೆಯಾದ ಯೂನಿವರ್ಸಿಟಿ ಆಫ್ ದಿ ಸೌತ್ ಪೆಸಿಫಿಕ್ ಹಾಗೂ ಪೆಸಿಫಿಕ್ ದ್ವೀಪರಾಷ್ಟ್ರಗಳ ಒಕ್ಕೂಟದ ಕಾರ್ಯಾಲಯಗಳಿರುವುದರಿಂದ ವರ್ಷವಿಡೀ ಅಲ್ಲಿ ಸಭೆಗಳು ನಡೆಯುತ್ತಿರುತ್ತವೆ. 2023ರ ಫೆಬ್ರವರಿಯಲ್ಲಿ ಹನ್ನೆರಡನೆಯ ವಿಶ್ವ ಹಿಂದಿ ಸಮ್ಮೇಳನ ನಡೆದದ್ದೂ ಫಿಜಿಯಲ್ಲಿಯೇ. ಸಿಡ್ನಿಯಲ್ಲಿ ನೆಲೆಸಿರುವ ವೈದ್ಯನಾದ ನಾನು ವೃತ್ತಿಸಂಬಂಧಿ ಸಭೆಗಳಿಗಾಗಿ ಈ ದೇಶಕ್ಕೆ ನಾಲ್ಕು ಬಾರಿ ಹೋಗಿ ಬಂದಿದ್ದೇನೆ. ಹೊರಡುವ ಮೊದಲು ಮಿತ್ರರು ಕೇಳುವ ಪ್ರಶ್ನೆಗಳಿಗೆ ಒಂದೆಡೆ ಉತ್ತರವಿರಲೆಂದು ಈ ಲೇಖನ.

ತಲುಪುವ ಬಗೆ

ಮುಖ್ಯ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣವಿರುವುದು ವೀತಿ ಲೇವು ದ್ವೀಪದ ಪಶ್ಚಿಮ ತುದಿಯಲ್ಲಿ. ಆ ಊರಿನ ಹೆಸರನ್ನು ಆಂಗ್ಲ ಅಕ್ಷರಗಳಲ್ಲಿ ನೋಡಿದರೆ ‘ನಾಡಿ’ ಎಂದು ಓದುವಂತಿರುತ್ತದೆ. ವೈದ್ಯನಾದ ನಾನಂತೂ ಮೊದಲ ಸಲ ಹಾಗೆಯೇ ಓದಿದೆ. ಆದರೆ ಉಚ್ಚಾರ ‘ನಾಂದಿ’. ಫಿಜಿ ಭಾಷೆಯಲ್ಲಿ ‘ಡಿ’ ಅಕ್ಷರಕ್ಕೆ ‘ನ್ದ’, ‘ಬಿ’ ಅಕ್ಷರಕ್ಕೆ ‘ಂಬ’, ‘ಸಿ’ ಅಕ್ಷರಕ್ಕೆ ‘ದ’ಕಾರಕ್ಕೆ ಸಮೀಪದ ಧ್ವನಿ. ಇಷ್ಟು ತಿಳಿದಿದ್ದರೆ ಟ್ಯಾಕ್ಸಿ ಚಾಲಕರೊಡನೆ ಗೊಂದಲವಾಗದು.

ಸಮ್ಮೇಳನ ಸುವಾದಲ್ಲಿದ್ದರೆ ನಾಂದಿಯಲ್ಲಿ ಇಳಿದೊಡನೆ ಪ್ರಯಾಣ ಮುಗಿಯಿತೆಂದು ಭಾವಿಸಬಾರದು. ಕ್ವೀನ್ಸ್ ರಸ್ತೆಯಲ್ಲಿ ಇನ್ನೂ ಸುಮಾರು ನಾಲ್ಕು ಗಂಟೆಗಳ ದಾರಿಯಿದೆ. ಸುವಾ ಸಮೀಪದ ನೌಸೋರಿಗೆ ಚಿಕ್ಕ ವಿಮಾನಗಳಿವೆ. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಆದರೆ ಅವುಗಳಲ್ಲಿ ಸಾಮಾನಿನ ತೂಕದ ಮಿತಿ ಬಿಗಿ. ವಾಹನಗಳು ನಮ್ಮಲ್ಲಿಯಂತೆ ಎಡಬದಿಯಲ್ಲಿ ಚಲಿಸುತ್ತವೆ. ವಿದ್ಯುತ್ ಪ್ಲಗ್ ಆಸ್ಟ್ರೇಲಿಯದ ಮಾದರಿಯದು.

ಅಮೆರಿಕದಿಂದ ಹೊರಡುವವರು ದಿನಾಂಕರೇಖೆಯನ್ನು ಮರೆಯಬಾರದು. ಲಾಸ್ ಏಂಜಲೀಸಿನಿಂದ ಮಂಗಳವಾರ ರಾತ್ರಿ ಹೊರಟವರು ಇಳಿಯುವುದು ಗುರುವಾರ ಬೆಳಗ್ಗೆ. ಬುಧವಾರವೆಂಬುದೇ ಅವರ ಪಾಲಿಗಿಲ್ಲ. ಬುಧವಾರಕ್ಕೆ ಕೊಠಡಿ ಕಾಯ್ದಿರಿಸಿ ಹಣ ಕಳೆದುಕೊಂಡವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಹನ್ನೆರಡಾದಾಗ ಫಿಜಿಯಲ್ಲಿ ಸಂಜೆ ಆರೂವರೆ. ಇನ್ನೂ ಭಾರತದ ಪಾಸ್‌ಪೋರ್ಟ್ ಹೊಂದಿರುವವರು ಆಸ್ಟ್ರೇಲಿಯ ಅಥವಾ ನ್ಯೂಜಿಲೆಂಡ್ ಮೂಲಕ ಸಾಗುವುದಾದರೆ, ವಿಮಾನ ಬದಲಿಸಲಷ್ಟೇ ಇಳಿಯುವುದಾದರೂ ಆ ದೇಶಗಳ ಪಾರಗಮನ ವೀಸಾದ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಬೇಕು. ಆಹ್ವಾನಪತ್ರ ಹಾಗೂ ಮರುಪ್ರಯಾಣದ ಟಿಕೆಟ್ಟಿನ ಪ್ರತಿ ಕೈಚೀಲದಲ್ಲಿರಲಿ.

ಸುಂಕದ ಕಟ್ಟೆಯಲ್ಲಿ ಜೈವಿಕ ಸುರಕ್ಷತೆಯ ತಪಾಸಣೆ ಕಟ್ಟುನಿಟ್ಟು. ಕರಿಬೇವು, ಹಣ್ಣು, ಬೀಜ, ಜೇನು, ಹಾಲಿನ ಸಿಹಿ, ಉಪ್ಪಿನಕಾಯಿ, ಮರದ ಸ್ಮರಣಿಕೆ ಯಾವುದಿದ್ದರೂ ಘೋಷಿಸುವುದು ಲೇಸು. ಘೋಷಿಸಿದರೆ ಹೋಗುವುದು ವಸ್ತು ಮಾತ್ರ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಹವಾಮಾನ

ಮೇಯಿಂದ ಅಕ್ಟೋಬರ್‌ವರೆಗೆ ತಂಪು ಹಾಗೂ ಕಡಿಮೆ ಮಳೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಕಾಲ. 2016ರ ಫೆಬ್ರವರಿಯಲ್ಲಿ ಬೀಸಿದ ವಿನ್‌ಸ್ಟನ್ ಚಂಡಮಾರುತಕ್ಕೆ 44 ಮಂದಿ ಬಲಿಯಾದರು. ಆ ತಿಂಗಳುಗಳಲ್ಲಿ ಸಮ್ಮೇಳನವಿದ್ದರೆ ದಿನಾಂಕ ಬದಲಿಸಬಹುದಾದ ಟಿಕೆಟ್ಟನ್ನೇ ಕೊಳ್ಳಬೇಕು. ಒಂದೇ ದ್ವೀಪದಲ್ಲಿಯೂ ಹವೆ ಎರಡು ಬಗೆ. ಆಗ್ನೇಯದ ವಾಣಿಜ್ಯ ಮಾರುತಗಳು ಸುವಾ ಬದಿಯಲ್ಲಿ ಮಳೆ ಸುರಿಸಿ, ನಡುವಿನ ಬೆಟ್ಟಗಳನ್ನು ದಾಟಿ ಒಣಗಿದ ಗಾಳಿಯಾಗಿ ನಾಂದಿಗೆ ಇಳಿಯುತ್ತವೆ. ಸುವಾ ನಮ್ಮ ಮಲೆನಾಡಿನಂತೆ, ನಾಂದಿ ಘಟ್ಟದ ಮರೆಯ ಸೀಮೆಯಂತೆ. ಸುವಾಕ್ಕೆ ಕೊಡೆ ಅನಿವಾರ್ಯ.

ನಾವು ಹೊತ್ತೊಯ್ಯುವ ರೋಗ

ಪ್ರವಾಸಿಗಳು ಸಾಮಾನ್ಯವಾಗಿ ಕೇಳುವುದು ‘ಅಲ್ಲಿ ನಮಗೆ ಯಾವ ರೋಗ ತಗಲೀತು?’ ಎಂದು. ಫಿಜಿಯ ಇತಿಹಾಸ ಇದಕ್ಕಿಂತ ಮೊದಲು ಬೇರೊಂದು ಪ್ರಶ್ನೆಯನ್ನು ಕೇಳಿಸುತ್ತದೆ. 1874ರಲ್ಲಿ ದ್ವೀಪಗಳನ್ನು ಬ್ರಿಟಿಷರಿಗೆ ಒಪ್ಪಿಸಿದ ದೊರೆ ದಕೊಂಬಾವು ಸಿಡ್ನಿಗೆ ಭೇಟಿಯಿತ್ತು, 1875ರ ಜನವರಿಯಲ್ಲಿ ಹಿಂದಿರುಗಿದ. ಅವನೊಡನೆ ಹಡಗಿನಲ್ಲಿ ಬಂದದ್ದು ದಡಾರ. ಹಡಗನ್ನು ದಿಗ್ಬಂಧದಲ್ಲಿ ಇಡಲಿಲ್ಲ. ಸ್ವಾಗತಕ್ಕೂ ಸಭೆಗೂ ಸೇರಿದ ಬುಡಕಟ್ಟುಗಳ ಮುಖಂಡರು ರೋಗವನ್ನು ತಮ್ಮ ತಮ್ಮ ದ್ವೀಪಗಳಿಗೆ, ಬೆಟ್ಟದ ಹಳ್ಳಿಗಳಿಗೆ ಕೊಂಡೊಯ್ದರು. ಕೆಲವೇ ತಿಂಗಳಲ್ಲಿ ಜನಸಂಖ್ಯೆಯ ನಾಲ್ಕನೆಯ ಒಂದು ಭಾಗದಷ್ಟು ಜನ ಸತ್ತರೆಂದು ಅಂದಾಜು. ಒಂದು ರೀತಿಯಲ್ಲಿ ಅದು ಸಮ್ಮೇಳನದಿಂದ ಹಬ್ಬಿದ ಮಾರಿಯೇ.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2019ರಲ್ಲಿ ನೆರೆಯ ಸಮೋವಾದಲ್ಲಿ ದಡಾರಕ್ಕೆ 83 ಜನ ಬಲಿಯಾದರು. ಅವರಲ್ಲಿ ಬಹುಪಾಲು ಪುಟ್ಟ ಮಕ್ಕಳು. ಅದೇ ವರ್ಷ ಫಿಜಿಯಲ್ಲಿಯೂ ದಡಾರ ಕಾಣಿಸಿಕೊಂಡಿತ್ತು. ಭಾರತದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ದಡಾರದ ಲಸಿಕೆ ಸೇರಿದ್ದು 1985ರಲ್ಲಿ. ಎರಡನೆಯ ವರಸೆ ಬಂದದ್ದು 2010ರ ನಂತರ. ಆದ್ದರಿಂದ ಕರ್ನಾಟಕದಲ್ಲಿ ಹುಟ್ಟಿ ಬೆಳೆದ, ಈಗ ಮೂವತ್ತು ನಲವತ್ತರ ವಯಸ್ಸಿನಲ್ಲಿರುವ ಅನೇಕರಿಗೆ ಒಂದೇ ವರಸೆ ಆಗಿರುವ ಸಂಭವ ಹೆಚ್ಚು. ನನ್ನ ತಲೆಮಾರಿನವರಿಗೆ ಬಾಲ್ಯದಲ್ಲಿ ‘ಅಮ್ಮ ಆಗಿತ್ತು’ ಎಂದು ಮನೆಯವರು ಹೇಳುತ್ತಾರೆ. ಆದರೆ ಅದು ದಡಾರವೋ ಸೀತಾಳೆ ಸಿಡುಬೋ ಎಂಬುದು ಅನೇಕ ವೇಳೆ ಖಚಿತವಿರುವುದಿಲ್ಲ. ದಾಖಲೆಯಿಲ್ಲದಿದ್ದರೆ ರಕ್ತಪರೀಕ್ಷೆ ಮಾಡಿಸಬಹುದು, ಅಥವಾ ನೇರವಾಗಿ ಲಸಿಕೆ ಪಡೆಯಬಹುದು. ಗರ್ಭಿಣಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಮಾತ್ರ ಇದನ್ನು ಪಡೆಯಬಾರದು. ನಾನು ಹೀಗೆ ಉಪದೇಶಿಸುವ ಮೊದಲು ಎರಡು ಬಾರಿ ನನ್ನ ಸ್ಥಿತಿಯನ್ನು ನೋಡಿಕೊಳ್ಳದೆಯೇ ಹೋಗಿ ಬಂದಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು.

ಅಲ್ಲಿ ತಗಲಬಹುದಾದದ್ದು

ಫಿಜಿಯಲ್ಲಿ ಮಲೇರಿಯಾ ಇಲ್ಲ. ಅದರ ಮಾತ್ರೆಗಳು ಬೇಡ. ಡೆಂಗಿ ಇದೆ. ಅದರ ಸೊಳ್ಳೆ ಕಚ್ಚುವುದು ಹಗಲಿನಲ್ಲಿ, ಎಂದರೆ ನಾವು ಸಭಾಂಗಣದ ಹೊರಗೆ ಚಹಾ ಕುಡಿಯುತ್ತ ನಿಂತಿರುವಾಗ. ತುಂಬುತೋಳಿನ ಉಡುಪು ಮತ್ತು ಸೊಳ್ಳೆ ನಿವಾರಕ ಲೇಪನ ಅಗತ್ಯ. ಜ್ವರ ಬಂದರೆ ಡೆಂಗಿ ಅಲ್ಲವೆಂದು ತಿಳಿಯುವವರೆಗೆ ಪ್ಯಾರಸಿಟಮಾಲ್ ಮಾತ್ರ. ಆಸ್ಪಿರಿನ್ ಮತ್ತು ಐಬುಪ್ರೊಫೆನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ವಿಷಮಶೀತ ಜ್ವರವೂ ಇದೆ, ಲಸಿಕೆ ಒಳ್ಳೆಯದು. ಇಲಿಜ್ವರ ನೆರೆಯ ನಂತರ ಹೆಚ್ಚುತ್ತದೆ. ಬರಿಗಾಲಲ್ಲಿ ನಿಂತ ನೀರಿಗಿಳಿಯಬಾರದು. ಮನೆಗೆ ಮರಳಿದ ಒಂದು ತಿಂಗಳೊಳಗೆ ಜ್ವರ ಬಂದರೆ ಫಿಜಿಗೆ ಹೋಗಿದ್ದಿರೆಂದು ವೈದ್ಯರಿಗೆ ತಪ್ಪದೆ ಹೇಳಬೇಕು.

ಮೀನು ತಿನ್ನುವವರಿಗೆ ಇನ್ನೊಂದು ಎಚ್ಚರಿಕೆ. ಒಮ್ಮೆ ಸಮ್ಮೇಳನದ ರಾತ್ರಿ ಸಹಪ್ರತಿನಿಧಿಯೊಬ್ಬರಿಗೆ ವಾಂತಿ ಭೇದಿ ಶುರುವಾಯಿತು. ಸಾಮಾನ್ಯ ಆಹಾರದೋಷವೆಂದು ಬಗೆದ ನಾನು ಉಪ್ಪು ಸಕ್ಕರೆಯ ದ್ರಾವಣ ಕೊಟ್ಟು ಮಲಗಲು ಹೇಳಿದೆ. ಬೆಳಗ್ಗೆ ಅವರ ನಾಡಿ ನಿಧಾನವಾಗಿತ್ತು, ತುಟಿಗಳು ಜುಮುಗುಡುತ್ತಿದ್ದವು, ತಣ್ಣೀರು ಮುಟ್ಟಿದರೆ ಸುಟ್ಟಂತಾಗುತ್ತದೆ ಎಂದರು. ಚಿಕಿತ್ಸಾಲಯಕ್ಕೆ ಕರೆದೊಯ್ದಾಗ ಅಲ್ಲಿನ ದಾದಿ ಕೇಳಿದ್ದು ಒಂದೇ ಪ್ರಶ್ನೆ: ‘ನಿನ್ನೆ ಯಾವ ಮೀನು ತಿಂದಿರಿ?’ ನಾನು ರಾತ್ರಿಯೇ ಕೇಳಬೇಕಾಗಿದ್ದ ಪ್ರಶ್ನೆ ಅದು. ರೋಗದ ಹೆಸರು ಸಿಗ್ವಟೆರಾ. ಹವಳದಿಬ್ಬದ ಸೂಕ್ಷ್ಮಜೀವಿಯೊಂದರ ವಿಷ ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಸೇರುತ್ತ ಸಾಂದ್ರವಾಗುತ್ತದೆ. ಬೇಯಿಸಿದರೂ ಹೆಪ್ಪುಗಟ್ಟಿಸಿದರೂ ಅದು ನಾಶವಾಗದು. ರುಚಿಯಲ್ಲಾಗಲಿ ವಾಸನೆಯಲ್ಲಾಗಲಿ ತಿಳಿಯದು. ಬರಕೂಡ, ಮೊರೆ ಹಾವುಮೀನು ಮತ್ತು ದಿಬ್ಬದ ಭಾರಿ ಮೀನುಗಳನ್ನು ಬಿಡುವುದೇ ಕ್ಷೇಮ. ಆ ಮಿತ್ರರು ಚೇತರಿಸಿಕೊಂಡರು, ಆದರೆ ಜುಮುಗು ವಾರಗಟ್ಟಲೆ ಉಳಿಯಿತು.

ಗಂಭೀರ ಕಾಯಿಲೆಯಾದರೆ ಆಸ್ಟ್ರೇಲಿಯ ಅಥವಾ ನ್ಯೂಜಿಲೆಂಡಿಗೆ ವಿಮಾನದಲ್ಲಿ ಸಾಗಿಸಬೇಕಾಗಬಹುದು. ಅದರ ವೆಚ್ಚ ಭರಿಸುವ ವಿಮೆ ಇಲ್ಲದೆ ಹೊರಡಬಾರದು. ನಿತ್ಯದ ಔಷಧಿಗಳು ಮೂಲ ಪೊಟ್ಟಣದಲ್ಲಿ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿರಲಿ. ಆಂಬುಲೆನ್ಸಿಗೆ 911, ಪೊಲೀಸರಿಗೆ 917.

ಊಟ, ಉಪಚಾರ

ಸಸ್ಯಾಹಾರಿಗಳು ಹೆದರಬೇಕಿಲ್ಲ. ರೊಟ್ಟಿ, ದಾಲ್, ಪಲ್ಯ ಎಲ್ಲ ಊರಿನಲ್ಲೂ ಸಿಗುತ್ತವೆ. ಕೆಸುವಿನ ಎಲೆಗೆ ಹಿಟ್ಟು ಬಳಿದು ಸುತ್ತಿ ಮಾಡುವ ಅಲ್ಲಿನ ಭಾರತೀಯರ ತಿನಿಸು ನಮ್ಮ ಪತ್ರೊಡೆಯ ಬಂಧುವೇ. ಆದರೆ ಅದೇ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದ ‘ರೋರೋ’ಗೆ ಕೆಲವರು ಮೀನು ಸೇರಿಸುತ್ತಾರೆ, ಕೇಳಿ ತಿನ್ನಬೇಕು.

ಉದ್ಘಾಟನೆಯಲ್ಲಿ ಕಾವಾ ಎಂಬ ಬೇರಿನ ಪಾನೀಯವನ್ನು ತೆಂಗಿನ ಕರಟದಲ್ಲಿ ಕೊಡುವ ವಿಧಿಯಿದೆ. ಇದು ನಮ್ಮ ಮೆಣಸಿನ ಬಳ್ಳಿಯ ಕುಲದ ಗಿಡ. ಒಮ್ಮೆ ಚಪ್ಪಾಳೆ ತಟ್ಟಿ ‘ಬೂಲಾ’ ಎಂದು ಒಂದೇ ಗುಟುಕಿಗೆ ಕುಡಿದು, ಬಳಿಕ ಮೂರು ಬಾರಿ ತಟ್ಟಬೇಕು. ನಾಲಿಗೆ ಸ್ವಲ್ಪ ಮರಗಟ್ಟುತ್ತದೆ. ‘ಲೋ ಟೈಡ್’ ಎಂದರೆ ಅರ್ಧ ಕರಟ ಮಾತ್ರ ಕೊಡುತ್ತಾರೆ. ಯಕೃತ್ತಿನ ತೊಂದರೆಯಿರುವವರು, ಗರ್ಭಿಣಿಯರು, ನಿದ್ರೆಮಾತ್ರೆ ಸೇವಿಸುವವರು ವಿನಯದಿಂದ ನಿರಾಕರಿಸಿದರೆ ಯಾರೂ ಬೇಸರಪಡರು. ಮದ್ಯದೊಡನೆ ಬೇಡ, ಕುಡಿದು ವಾಹನ ನಡೆಸುವುದೂ ಬೇಡ. ಹಳ್ಳಿಗೆ ಹೋದರೆ ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ; ಟೋಪಿ ತೆಗೆಯಬೇಕು, ಯಾರ ತಲೆಯನ್ನೂ ಮುಟ್ಟಬಾರದು. ಭಾನುವಾರ ಚರ್ಚಿನ ದಿನ, ಅನೇಕ ಅಂಗಡಿಗಳು ಮುಚ್ಚಿರುತ್ತವೆ.

ಗಿರ್ಮಿಟ್ಟಿನ ಮಕ್ಕಳು

ಗಿರ್ಮಿಟ್ ಎಂದರೆ ನಮಗೆ ಹುಬ್ಬಳ್ಳಿಯ ಮಂಡಕ್ಕಿ ನೆನಪಾಗುತ್ತದೆ. ಫಿಜಿಯಲ್ಲಿ ಅದು ‘ಅಗ್ರಿಮೆಂಟ್’ ಶಬ್ದದ ಅಪಭ್ರಂಶ. ಕಬ್ಬಿನ ಗದ್ದೆಗಳಲ್ಲಿ ಐದು ವರ್ಷ ದುಡಿಯುವ ಕರಾರು. 1879ರಿಂದ 1916ರವರೆಗೆ ಸುಮಾರು 60,000 ಭಾರತೀಯರನ್ನು ಹೀಗೆ ಕರೆತರಲಾಯಿತು. 1903ರಿಂದ ಮದರಾಸಿನ ಬಂದರಿನಿಂದಲೂ. ಮೊದಲ ಹಡಗು ಲಿಯೋನಿಡಾಸ್‌ನಲ್ಲಿ ಕಾಲರಾ, ಸಿಡುಬು ಇದ್ದವು. ನಾಲ್ಕು ವರ್ಷಗಳ ಹಿಂದಿನ ದಡಾರದಿಂದ ಪಾಠ ಕಲಿತಿದ್ದ ಆಡಳಿತ ಈ ಬಾರಿ ಪ್ರಯಾಣಿಕರನ್ನು ಲೆವುಕಾ ಸಮೀಪದ ಪುಟ್ಟ ದ್ವೀಪದಲ್ಲಿ ಪ್ರತ್ಯೇಕವಾಗಿಟ್ಟಿತು. ಹಡಗಿನವರು ಕೆಲವರು ಸತ್ತರು. ದ್ವೀಪಗಳ ಜನ ಉಳಿದರು. 1885ರಲ್ಲಿ ಸುವಾದಲ್ಲಿ ವೈದ್ಯಶಾಲೆ ಆರಂಭವಾಯಿತು. ಅದು ಇಂದು ಫಿಜಿ ನ್ಯಾಷನಲ್ ಯೂನಿವರ್ಸಿಟಿಯ ಭಾಗ.

ಆ ಕುಟುಂಬಗಳ ಮೊಮ್ಮಕ್ಕಳು, ಮರಿಮಕ್ಕಳು ನಿಮ್ಮೊಡನೆ ಫಿಜಿ ಹಿಂದಿಯಲ್ಲಿ ಮಾತನಾಡಿಸುತ್ತಾರೆ. ‘ನಿಮ್ಮ ಊರು ಭಾರತದಲ್ಲಿ ಯಾವುದು, ಜಾತಿ ಯಾವುದು’ ಎಂದು ಕೇಳಬೇಡಿ. ಅನೇಕರಿಗೆ ಉತ್ತರ ಗೊತ್ತಿಲ್ಲ, ಗೊತ್ತಿಲ್ಲದ್ದರ ನೋವು ಗೊತ್ತಿದೆ. 1987, 2000, 2006ರ ಕ್ಷಿಪ್ರಕ್ರಾಂತಿಗಳ ವಿಷಯವನ್ನೂ ಅವರಾಗಿ ಎತ್ತಿದರೆ ಮಾತ್ರ ಕೇಳಿಸಿಕೊಳ್ಳಿ. ನಾಂದಿಯಲ್ಲಿರುವ ದ್ರಾವಿಡ ಶೈಲಿಯ ಶಿವಸುಬ್ರಹ್ಮಣ್ಯ ಸ್ವಾಮಿ ದೇವಾಲಯಕ್ಕೆ, ಮರಳುವ ವಿಮಾನದ ಮೊದಲು ಒಂದು ಗಂಟೆ ಉಳಿಸಿಕೊಂಡರೆ ಪ್ರವಾಸ ಸಾರ್ಥಕ.