ಸಂಪಂಗಿ ಕೆರೆಯ ಮೇಲಿನ ಕ್ರೀಡಾಂಗಣ

ಮಳೆ ಕೈಕೊಟ್ಟ ವರ್ಷ ಊರು ಬಿಟ್ಟು ದುಡಿಯಾಕ ಹೋಗೋದಕ್ಕ ನಮ್ಮ ಕೋಸಗಿ ಕಡೆ ಸುಗ್ಗಿಗೆ ಹೋಗೋದು ಅಂತಾರ. ಕೆಲವರು ಗುಂಟೂರಿಗೆ ಮೆಣಸಿನಕಾಯಿ ಬಿಡಿಸಾಕ ಹೋಗ್ತಾರ, ಕೆಲವರು ಬೆಂಗಳೂರಿಗೆ. ನಾನೂ 1996ರಾಗ ಬೆಂಗಳೂರಿಗೆ ಹೋಗಿ ಕಾಂಕ್ರೀಟ್ ಪುಟ್ಟಿ ಹೊತ್ತವನು. ಆಗ ದಾರಿಯಾಗ ಹೋಗ್ತಾ ಬರ್ತಾ ಕಂಠೀರವ ಕ್ರೀಡಾಂಗಣ ನೋಡ್ತಿದ್ದೆ. ಮರುವರ್ಷ, 1997ರಾಗ, ಕರ್ನಾಟಕದಾಗ ರಾಷ್ಟ್ರೀಯ ಕ್ರೀಡಾಕೂಟ ನಡೀತು. ಅದಕ್ಕಂತಲೇ ಕ್ರೀಡಾಂಗಣವನ್ನು ದೊಡ್ಡದಾಗಿ ಕಟ್ಟಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಕೂಡ್ತಾರ.

ಅದು ಬರೀ ಆಟಕ್ಕಲ್ಲ. 2006ರಾಗ ರಾಜಕುಮಾರ್ ಅವರನ್ನ, 2021ರಾಗ ಅವರ ಮಗ ಪುನೀತ್ ಅವರನ್ನ ಜನರ ದರ್ಶನಕ್ಕ ಇಟ್ಟಿದ್ದು ಅಲ್ಲೇ. 2023ರಾಗ ಸಿದ್ದರಾಮಯ್ಯನವರು ಮುಖ್ಯಮಂತ್ರಿ ಆಗಿ ಪ್ರಮಾಣ ಮಾಡಿದ್ದೂ ಅಲ್ಲೇ. ನಗರಕ್ಕ ಇಂಥದೊಂದು ಜಾಗ ಬೇಕು, ಅದನ್ನ ನಾನು ಇಲ್ಲ ಅನ್ನೋದಿಲ್ಲ.

ಆದರೆ ಆ ಜಾಗ ಮೊದಲು ಸಂಪಂಗಿ ಕೆರೆ. ಕೆಂಪೇಗೌಡರ ಕಾಲದ್ದು ಅಂತ ಹೇಳ್ತಾರ. ಅದರ ನೀರಿನ ಮ್ಯಾಲೆ ತಿಗಳರು ಕಾಯಿಪಲ್ಯೆ, ಹೂವು ಬೆಳೀತಿದ್ದರು. ಊರಿಗೆ ಕುಡಿಯಾಕೂ ಅದೇ ನೀರು. 1896ರಾಗ ಹೆಸರಘಟ್ಟದಿಂದ ಕೊಳಾಯಿ ನೀರು ಬಂತು ನೋಡ್ರಿ, ಅಲ್ಲಿಂದ ದೊಡ್ಡವರಿಗೆ ಕೆರೆ ಬ್ಯಾಡಾತು. ಕುದುರೆ ಮ್ಯಾಲೆ ಪೋಲೋ ಆಡೋ ದಂಡಿನ ಸಾಹೇಬರು ಕೆರೆ ತುಂಬಿದರ ಮೈದಾನ ಹಾಳಾಗ್ತದ ಅಂದರು. ತೋಟದವರು ಬೆಳೆಗೆ ನೀರು ಬೇಕು ಅಂತ ಅರ್ಜಿ ಹಾಕಿದರು. ಯಾರ ಮಾತು ನಡೀತು ಅಂತ ಬೇರೆ ಹೇಳಬೇಕಾ? 1937ರ ಹೊತ್ತಿಗೆ ಒಂದು ಸಣ್ಣ ಕಲ್ಯಾಣಿ ಬಿಟ್ಟು ಕೆರೆಯೆಲ್ಲಾ ಒಣ ನೆಲ.

ನಾನು ಪದ ಹಾಡೋನು, ಅದಕ್ಕ ಈ ಮಾತು ಬಿಡಾಕ ಆಗೋದಿಲ್ಲ. ಚೈತ್ರದ ಹುಣ್ಣಿಮೆಗೆ ಬೆಂಗಳೂರು ಕರಗ ಹೊರಡ್ತದಲ್ಲ, ಅದು ಇದೇ ತಿಗಳರ ಹಬ್ಬ. ಹುಣ್ಣಿಮೆಗೂ ಮೊದಲು ಹಸಿ ಕರಗ ತರೋದು ಸಂಪಂಗಿ ಕೆರೆಯಿಂದಲೇ. ಕೆರೆ ಹೋತು, ತೋಟ ಹೋದವು. ಕ್ರೀಡಾಂಗಣದ ಮಗ್ಗುಲಾಗ ಉಳಿದ ಆ ತುಣುಕು ನೀರಿಗೆ ದ್ರೌಪದಮ್ಮನ ಮಕ್ಕಳು ಇವತ್ತಿಗೂ ವರ್ಷಾ ಬರ್ತಾರ.

ಕಟ್ಟಡದ ಯೋಜನೆ ಬರೆಯೋವಾಗ ಕಬ್ಬಿಣ, ಸಿಮೆಂಟು, ಕೂಲಿ ಎಲ್ಲಾ ಲೆಕ್ಕಕ್ಕ ಬರ್ತಾವ. ಜಾಗ ಸರ್ಕಾರದ್ದು ಅಂದರ ಅದರ ಮುಂದ ಸೊನ್ನೆ. ಅದೇ ಬೆಂಗಳೂರಿನ ಕ್ರಿಕೆಟ್ ಮೈದಾನನೂ ಸರ್ಕಾರದ ಜಾಗ, ಗುತ್ತಿಗೆ ಮ್ಯಾಲೆ ಕೊಟ್ಟಿದ್ದು. 1970ರಾಗ ಕೆಲಸ ಸುರು ಮಾಡಿ 1974ರಾಗ ವೆಸ್ಟ್ ಇಂಡೀಸ್ ಜತೆ ಮೊದಲ ಟೆಸ್ಟ್ ಆಡಿಸಿದರು. ಗುತ್ತಿಗೆ ಅಂದರ ಕಾಗದ ಇರ್ತದ, ಬಾಡಿಗೆ ಇರ್ತದ. ತೋಟದವರ ನೀರಿಗೆ ಯಾವ ಕಾಗದ?

ಇದನ್ನ ಈಗ ಯಾಕ ಬರದೆ ಅಂದರ, ನಮ್ಮೂರಾಗೂ ಸಭಾಭವನ, ಆಟದ ಬಯಲು ಎರಡೂ ಕೂಡಿಸಿ ಮಾಡಬೇಕಂತ ಮಾತು ನಡದೈತಿ. ಹುಡುಗರಿಗೆ ಬೇಕು, ಮದುವೆಗೂ ಬೇಕು, ಖರೇ. ಜಾಗ ಎಲ್ಲಿ ಅಂದರ ಎಲ್ಲಾರೂ ಕುಂಟೆ ಕಡೆಗೇ ಬಟ್ಟು ತೋರಿಸ್ತಾರ. ಬ್ಯಾಸಿಗ್ಯಾಗ ಒಣಗಿರ್ತದ, ಪುಕ್ಕಟೆ ಬೀಳ್ತದ ಅಂತ. ಮಳೆಗಾಲದಾಗ ಅಲ್ಲಿ ಕುರಿಗೆ ನೀರು ಕುಡಿಸೋರು ಆ ಮಾತು ನಡೆದಾಗ ಒಬ್ಬರೂ ಇರಲಿಲ್ಲ. ಅವರನ್ನೂ ಕರೀರಿ ಅಂದೆ. ಬರೋ ಸೋಮವಾರ ಸಂಜೆ ವಾಚನಾಲಯದ ಕಟ್ಟೆಗೆ ಕರಸ್ತೀವಿ ಅಂದಾರ.