ಐರ್ಲೆಂಡಿನ ಸಾಂಪ್ರದಾಯಿಕ ಹಳ್ಳಿಮನೆ

ಐರ್ಲೆಂಡಿನ ಗ್ರಾಮೀಣ ಜನ 20ನೆಯ ಶತಮಾನದ ಮೊದಲ ಭಾಗದವರೆಗೂ ಕಟ್ಟಿಕೊಂಡು ಬಾಳಿದ, ಸಾಮಾನ್ಯವಾಗಿ ಒಂದೇ ಅಂತಸ್ತಿನ, ಹುಲ್ಲು ಹೊದಿಸಿದ ಉದ್ದನೆಯ ಮನೆ. ಅಗಲಕ್ಕೆ ಒಂದೇ ಕೋಣೆ. ಮನೆ ಬೆಳೆಯುತ್ತಿದ್ದುದು ಉದ್ದಕ್ಕೆ. ಈ ಆಕಾರಕ್ಕೆ ಬಡತನವೊಂದೇ ಕಾರಣವೆನ್ನಲಾಗದು. ಕಾಡು ಕರಗಿ ಉದ್ದ ತೊಲೆಗಳು ವಿರಳವಾದ್ದರಿಂದ ಛಾವಣಿ ಕಿರಿದಾಗಲೇಬೇಕಿತ್ತು. ಜೌಗುನೆಲದಲ್ಲಿ ಹೂತಿದ್ದ ಓಕ್ ಮರವನ್ನೂ ಅಗೆದು ತಂದು ಬಳಸುತ್ತಿದ್ದರು. ಗೋಡೆ ಕಲ್ಲಿನದು ಅಥವಾ ಮಣ್ಣಿನದು, ಮೇಲೆ ಸುಣ್ಣ. ಅಟ್ಲಾಂಟಿಕ್ ಕರಾವಳಿಯಲ್ಲಿ ಹುಲ್ಲು ಗಾಳಿಗೆ ಹಾರದಂತೆ ಅದರ ಮೇಲೆ ಹಗ್ಗ ಹಾಯಿಸಿ ಗೋಡೆಯ ಕಲ್ಲುಗೂಟಗಳಿಗೆ ಬಿಗಿಯುತ್ತಿದ್ದರು. ಅಡುಗೆಕೋಣೆಯ ಒಲೆಯೇ ಮನೆಯ ಜೀವ: ಜೌಗಿನಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಯ ಕೆಂಡವನ್ನು ರಾತ್ರಿ ಬೂದಿಯಲ್ಲಿ ಮುಚ್ಚಿಟ್ಟು, ಬೆಳಗ್ಗೆ ಕೆದಕಿ ಉರಿ ಎಬ್ಬಿಸುತ್ತಿದ್ದರು.

1841ರ ಜನಗಣತಿ ಒಂದೇ ಕೋಣೆಯ ಮಣ್ಣಿನ ಗುಡಿಸಲುಗಳನ್ನು ನಾಲ್ಕನೆಯ (ಅತಿ ಕೆಳಗಿನ) ದರ್ಜೆಗೆ ಸೇರಿಸಿ ಸುಮಾರು 4.9 ಲಕ್ಷವೆಂದು ಎಣಿಸಿತು. ಮನೆಯ ಆಕಾರಕ್ಕೆ ಬಡತನವೇ ಮೂಲವೆನ್ನುವವರಿಗೆ ಇದು ಬಲವಾದ ಆಧಾರ. ಆದರೆ 1851ಕ್ಕೆ ಅವು ಸುಮಾರು 1.36 ಲಕ್ಷಕ್ಕೆ ಇಳಿದದ್ದು ಬಡತನ ನೀಗಿದ್ದರಿಂದಲ್ಲ, ಮುಖ್ಯವಾಗಿ ಆ ನಡುವೆ ಬಂದ ಮಹಾಕ್ಷಾಮದ ಸಾವು, ವಲಸೆ, ಒಕ್ಕಲೆಬ್ಬಿಸುವಿಕೆಗಳಿಂದ. ಅನುಕೂಲಸ್ಥ ರೈತರು ಆಮೇಲೂ ಅದೇ ಒಂದು ಕೋಣೆಯಗಲದ ವಿನ್ಯಾಸದಲ್ಲೇ, ಹೆಚ್ಚು ಕೋಣೆಗಳ ಗಟ್ಟಿ ಮನೆಗಳನ್ನು ಕಟ್ಟಿದರು.